ಊಟಿ ದಾರಿಯಲ್ಲಿ ಅತ್ತೆಮನೆ

೯-೭-೧೯೫೫, ಶನಿವಾರ ರಾತ್ರಿ

ಬೆಳಗಾದರೆ ನಾವು ಗೆಳೆಯರೆಲ್ಲ ಸೈಕಲ್ಲಿನಲ್ಲಿ ಊಟಿಗೆ ಹೊರಡುತ್ತೇವೆ. ಚೀಲವನ್ನು ಎಷ್ಟು ಸಲ ಬಿಚ್ಚಿ ಕಟ್ಟಿದರೂ ಏನೋ ಬಿಟ್ಟುಹೋದ ಹಾಗೆ. ಪಂಪು, ಪ್ಯಾಚು, ಕಂಬಳಿ, ಅವ್ವನ ರೊಟ್ಟಿ, ಎಲ್ಲಾ ಇದೆ.

ಇವತ್ತು ತಲೆ ಕೆಡಿಸಿದ್ದು ಬೆಲ್ಲು. ಸಂಜೆ, ನಮ್ಮ ಜೊತೆಗೇ ಬರುವ ಗೆಳೆಯ ಬಷೀರ್ ತನ್ನ ಸೈಕಲ್ ಶಾಪಿನಲ್ಲಿ ಬ್ರೇಕು ಬಿಗಿ ಮಾಡುವಾಗ ಹೇಳದೆ ಕೇಳದೆ ಹಳೆಯದನ್ನು ಕಿತ್ತು ಹೊಸದು ಹಾಕಿಬಿಟ್ಟಿದ್ದ.

"ಅದು ಬರೀ ಕರಕರ ಅಂತಿತ್ತು ಕಣ್ಲಾ. ಬಂಡೀಪುರದ ಕಾಡಲ್ಲಿ ಆನೆಗೂ ಕೇಳ್ಸಲ್ಲ."

ಆನೆಗೆ ಯಾರು ಬಾರಿಸುತ್ತಾರೆ! ಆ ಕರಕರ ಮಂಗಳಗೌರಿಗೆ ಗೊತ್ತು. ಮದುವೆಯಾದಾಗಿನಿಂದ ಸಂಜೆ ಅದನ್ನು ಕೇಳಿಯೇ ಬಾಗಿಲು ತೆಗೆಯುತ್ತಿದ್ದಳು. ಈಗ ಆಷಾಢವೆಂದು ಗುಂಡ್ಲುಪೇಟೆಯ ತವರಿನಲ್ಲಿದ್ದಾಳೆ. ಆ ಮನೆ ಇರುವುದು ಊಟಿ ರಸ್ತೆಗೇ.

ಊಟಕ್ಕೆ ಬಡಿಸುತ್ತಾ ಅವ್ವ ಎಚ್ಚರಿಸಿದಳು. "ಒಸ ಅಳಿಯ ಆಸಾಡ್ದಲ್ಲಿ ಅತ್ತೆ ಮೊಕ ನೋಡ್ಬಾರ್ದು ಕಣಪ್ಪ. ಆ ಮನೆ ಮುಂದೆ ಇಳೀಬ್ಯಾಡ, ಸುಮ್ಕೆ ಓಗ್ಬುಡು."

ಇಳಿಯುವುದಿಲ್ಲ. ಬೆಲ್ ಬಾರಿಸಬೇಡ ಅಂತ ಅವ್ವ ಹೇಳಲಿಲ್ಲವಲ್ಲ. ಕೈ ತೊಳೆದವನೇ ಬಷೀರನ ಮನೆಗೆ ಓಡಿ, ಹಳೆಯದನ್ನು ಇಸಿದುಕೊಂಡು ಬಂದು ಕೂರಿಸಿದೆ. ಅವನು ನಕ್ಕ. ನಾಳೆ ದಾರಿಯುದ್ದಕ್ಕೂ ನಗುತ್ತಾನೆ.

ಮಲಗಿದೆ, ಎದ್ದೆ, ಮತ್ತೆ ಚೀಲ ಬಿಚ್ಚಿದೆ. ಅವಳು ಹಿತ್ತಲಲ್ಲಿದ್ದರೆ? ನೀರಿಗೆ ಹೋಗಿದ್ದರೆ? ಮುಂದಿನವರ ಬೆಲ್ಲುಗಳಲ್ಲಿ ನನ್ನದು ಮುಚ್ಚಿಹೋದರೆ?

ಈಗ ಇನ್ನೊಂದು ಹೊಳೆಯಿತು. ಆ ಮನೆಯ ಜಗಲಿ ಬಿಟ್ಟು ಏಳದೆ, ಬೀದಿ ನೋಡುತ್ತಾ ಕೂರುವವರು ಅತ್ತೆ. ಅವರ ಮುಖ ಕಾಣದ ಹಾಗೆ ಕಣ್ಣು ಮುಚ್ಚಿಕೊಂಡೇ ತುಳಿದೆ ಅನ್ನೋಣ. ಬೆಲ್ ಕೇಳಿ ಇವಳು ಬಾಗಿಲಿಗೆ ಬಂದಾಗ ನಾನು ಇವಳನ್ನೂ ನೋಡುವ ಹಾಗಿಲ್ಲವಲ್ಲ!