ಎಳ್ಳಿನಷ್ಟು ಅಂಚು

1955 ಫೆಬ್ರವರಿ 3, ಬೆಳಿಗ್ಗೆ

ಇವತ್ತೂ ಅದೇ. ಗಿಟಾರಿನ ಪೆಟ್ಟಿಗೆ ತೊಡೆಯ ಮೇಲೆ, ಕೈಯಲ್ಲಿ ಚಾಕು. ಮೇಲಿನ ಹಲಗೆ ಪಕ್ಕದ ಪಟ್ಟಿಗಿಂತ ಜೋಳದ ಕಾಳಿನಷ್ಟು ಹೊರಗೆ ಚಾಚಿದೆ. ಕೀಸಿ ಸಮ ಮಾಡಬೇಕು. ಪೆಟ್ಟಿಗೆಯ ಉಬ್ಬಿದ ಹೊಟ್ಟೆಯಿಂದ ಸಣ್ಣ ನಡುವಿನ ಕಡೆಗೇ ಕೀಸಬೇಕು. ತಿರುಗಿ ಕೀಸಿದರೆ ಮರದ ಎಳೆ ಸೀಳಿ ಒಳಕ್ಕೆ ಓಡುತ್ತದೆ. ಅಂಟಿಸಿದ್ದು ಬಡಗಿ ದಸ್ತಗಿರಿ, ತನ್ನ ಅಂಗಡಿಯಲ್ಲಿ. ಚರ್ಮ ಕುದಿಸಿದ ಅಂಟು — ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಕುದಿಸಲಾದೀತೆ? ಒಣಗಿದ ಮೇಲೂ ಅತ್ತಿಗೆ ವಿಭೂತಿ ಉದುರಿಸಿಯೇ ಒಳಗೆ ಬಿಟ್ಟಳು. ಕುತ್ತಿಗೆ, ತಂತಿ ಎಲ್ಲ ತಯಾರು. ಅಂಚು ಮುಗಿದರೆ ಗಿಟಾರು ಮುಗಿದಂತೆ.

ಅದೇ ಕುತ್ತು. ಹೆಂಡತಿ ತೀರಿಹೋಗಿ ಮೂರು ವರ್ಷ. ಸಂಕ್ರಾಂತಿಗೆ ಅಣ್ಣ ಎರಡನೇ ಮದುವೆಯ ಮಾತೆತ್ತಿದ. "ಗಿಟಾರು ಮುಗೀಲಿ" ಅಂದೆ — ಮಠದ ಅಯ್ಯನವರ ಎದುರಿಗೆ! ಮುಗಿದರೆ ಒಪ್ಪಿದಂತೆ ಎಂದೇ ಎಲ್ಲರೂ ಹಿಡಿದುಕೊಂಡರು. ಸ್ಲೋ ಅಂಡ್ ಸ್ಟೆಡಿ ವಿನ್ಸ್ ದಿ... ರೇಸೋ, ಗ್ರೇಸೋ. ಕಾಲೇಜಿನ ಇಂಗ್ಲಿಷು ಇಷ್ಟೇ ಉಳಿದಿದೆ.

ಫೆ. 9

ಅತ್ತಿಗೆ ದಿನಾ ಅಂಚಿನ ಮೇಲೆ ಬೆರಳಾಡಿಸುತ್ತಾಳೆ.

"ಇನ್ನಾ ಸಜ್ಜಿ ಕಾಳಿನಷ್ಟು ಐತಲ್ಲೋ ಏಕಾಂತ! ಇಲಿ ಕಡದಿದ್ರೂ ಇಷ್ಟೊತ್ತಿಗೆ ಮುಗೀತಿತ್ತು."

"ಅವಸರ ಮಾಡಿದ್ರ ಸೀಳತೈತಿ, ಅತ್ತಿಗೆವ್ವಾ."

"ನಿನ್ನ ಕೂದಲಾ ಮಾತ್ರ ಬೆಳ್ಳಗಾಗಾಕ ಅವಸರ ಮಾಡ್ಯಾವ, ನೋಡು."

ಫೆ. 21

ಮೇಲಿನ ಅಂಚು ಸಮವಾಯಿತು. ಅತ್ತಿಗೆಯ ಬೆರಳಿಗೆ ಏನೂ ತಗುಲಲಿಲ್ಲ. ಹಿಂದಿನ ಹಲಗೆಯೂ ಇದೆಯಲ್ಲ ಎಂದೆ. ಅಣ್ಣ ರೇಗಿದ. "ಬೆನ್ನು ಯಾರು ನೋಡ್ತಾರಲೇ? ಹೊಟ್ಟಿಗೊತ್ತಿ ಹಿಡಿಯೋದು!"

ಫೆ. 28, ಸೋಮವಾರ

ಎಮ್ಮಿಗನೂರಿನ ಸೋಮಶೇಖರಪ್ಪ ಬಂದೇಬಿಟ್ಟ. ಜೊತೆಗೆ ಮಗಳು ಗುರುಲಿಂಗಮ್ಮ — ನನಗೆ ನೋಡಿರುವ ಹುಡುಗಿ. ಇಪ್ಪತ್ತು ವರ್ಷ. ರೈಲಿಗೆ ಇನ್ನೂ ಹೊತ್ತಿದೆ, ಕೂತು ಹೋಗೋಣ ಎಂಬ ನೆಪ. ಹಿರಿಯರು ಪಡಸಾಲೆಯಲ್ಲಿ ಹತ್ತಿಯ ಧಾರಣೆ ಮಾತಾಡುತ್ತಿದ್ದರು. ಗಿಟಾರು ತೋರಿಸು ಎಂದು ಅತ್ತಿಗೆ ಹುಡುಗಿಯನ್ನು ನನ್ನ ಹತ್ತಿರ ಬಿಟ್ಟು ಚಹಾ ತರಲು ಹೋದಳು. ಹುಡುಗಿ ಪೆಟ್ಟಿಗೆಯ ಬೆನ್ನು ಮುಟ್ಟಿದಳು.

"ಇನ್ನೂ ಉಳದೈತಲ್ರಿ."

"ಹೂಂ. ಎಳ್ಳಿನಷ್ಟು."

"ಇದು ಮುಗಿದ ದಿನಾನ ನಿಶ್ಚಯ ಅಂತ ಅಪ್ಪ ಅಂದಾರ." ಬಾಗಿಲ ಕಡೆ ನೋಡಿದಳು. "ನಿಧಾನಾ ಮಾಡ್ರಿ. ನಿಮ್ಮ ಕಾಲಿಗಿ ಬೀಳ್ತೀನಿ."

ನಾನೊಬ್ಬನೇ ಸಿಕ್ಕಿಬಿದ್ದಿದ್ದೇನೆ ಎಂದುಕೊಂಡಿದ್ದೆ.

ಮಾರ್ಚ್ 4

ಇನ್ನೆಷ್ಟು ನಿಧಾನ? ಎಳ್ಳಿನಷ್ಟು ಮರದ ಹಿಂದೆ ಇಬ್ಬರು ಅಡಗಿ ಕೂರಲು ಆಗುವುದಿಲ್ಲ. ಬೆಳಿಗ್ಗೆ ಒಂದೇ ಸಮನೆ ಕೂತು ಕೀಸಿ ಮುಗಿಸಿದೆ. ನೆಪವಿಲ್ಲದೆ ಅಣ್ಣನ ಎದುರಿಗೆ ಹೋಗಿ, ಬೇಡ ಎಂದುಬಿಡಬೇಕು. ಪ್ಲೇನ್ ಸ್ಪೀಕಿಂಗ್.

ಅದೇ ದಿನ, ಮಧ್ಯಾಹ್ನ

ಬಾಯಿ ತೆರೆದೆ. ಬೆನ್ನಿನ ಅಂಚು ಸವರಿ ನೋಡಿದ್ದ ಅತ್ತಿಗೆ ಅದರೊಳಗೆ ಸಕ್ಕರೆ ಸುರಿದಳು. "ಮುಗಿಸ್ಯಾನ್ರೀ! ಒಪ್ಪಿದ!"

"ಅಣ್ಣಾ, ನನಗ ಬ್ಯಾಡ" ಎಂದೆ. ಬಾಯಿ ತುಂಬ ಸಕ್ಕರೆ.

ಅಣ್ಣ ನಕ್ಕ. "ಮೊದಲ ಎಲ್ಲಾರೂ ಹಂಗ ಅಂತಾರ. ನಾನೂ ಅಂದಿದ್ದೆ. ಕೇಳು ನಿಮ್ಮ ಅತ್ತಿಗೀನ."

ಹುಡುಗಿಯ ಮಾತು ಹೇಳುವಂತಿಲ್ಲ. ಅವಳಪ್ಪ ಅವಳನ್ನು ಸುಮ್ಮನೆ ಬಿಟ್ಟಾನೆ?

ಮಾರ್ಚ್ 5, ಬೆಳಗಿನ ಆರು

ಅಣ್ಣ ತಾಂಬೂಲ ಕಟ್ಟಿಕೊಂಡು ಎಮ್ಮಿಗನೂರಿನ ಬಸ್ಸಿಗೆ ಹೊರಟಿದ್ದಾನೆ. ಕೆಳಗೆ ಚಪ್ಪಲಿ ಹುಡುಕುತ್ತಿದ್ದಾನೆ, ಅತ್ತಿಗೆಯನ್ನು ಬಯ್ಯುತ್ತಿದ್ದಾನೆ. ಚಪ್ಪಲಿ ನನ್ನ ಮಂಚದ ಕೆಳಗಿವೆ. ನಾನೇ ತಂದು ಬಚ್ಚಿಟ್ಟದ್ದು. ನಲವತ್ತಾರು ವರ್ಷದವನು ನಾನು!

ಮೆಟ್ಟಿಲ ಮೇಲೆ ಬರಿಗಾಲಿನ ಸಪ್ಪಳ. ಅವನೇ. ಕೈಗೆ ಚಪ್ಪಲಿ ಕೊಟ್ಟು, ಮುಖ ನೋಡಿಯೇ ಹೇಳಬೇಕು — ಅಣ್ಣಾ, ನಾನು ಒಲ್ಲೆ. ಬಾಗಿಲು ತಟ್ಟುತ್ತಿದ್ದಾನೆ, ಪೆನ್ನು ಇಡುತ್ತೇನೆ.