ಬಿಳಿ ದಾರಕ್ಕೆ ಹತ್ತಿದ ಕೆಂಪು

ಮೂಡಲಗಿ
೨೩ ಅಕ್ಟೋಬರ್ ೨೦೨೪

ಚಿ. ಸೌ. ನೇತ್ರಾಳಿಗೆ,

ನಿನ್ನ ಅವ್ವನ ಆಶೀರ್ವಾದ. ನಾನು ಆರಾಮಿದ್ದೇನೆ. ನೀನು, ಅಳಿಯಂದಿರು, ನಿಮ್ಮ ಅತ್ತೆಯವರು ಎಲ್ಲರೂ ಆರಾಮಿದ್ದೀರಿ ಎಂದು ತಿಳಿದು ಬರೆಯುತ್ತಿದ್ದೇನೆ. ಕಾಗದ ತಡವಾಯಿತು. ನೀನು ಫೋನು ಮಾಡಿದಾಗೆಲ್ಲ ಎತ್ತಲಿಲ್ಲ ಎಂಬ ಸಿಟ್ಟೂ ನಿನಗಿರಬೇಕು. ಫೋನೇನು ಕೆಟ್ಟಿರಲಿಲ್ಲ. ಮಾತಿಗೆ ಕೂತರೆ ನನ್ನ ನಾಲಿಗೆಗೆ ಲಗಾಮು ಇರುವುದಿಲ್ಲ, ಅದು ನಿನಗೂ ಗೊತ್ತು. ಬರೆಯುವಾಗ ಅರ್ಧ ಸಿಟ್ಟು ಪೆನ್ನು ಹುಡುಕುವಷ್ಟರಲ್ಲಿ ಆರುತ್ತದೆ. ಉಳಿದ ಅರ್ಧ ನಿನ್ನ ಪಾಲಿಗೆ ಬಂದಿದೆ, ಓದು.

ಹೋದ ವಾರ ಅಳಿಯ ಬಸವಲಿಂಗ ಬಂದಿದ್ದರು. ಚೀಲದಲ್ಲಿ ಶೇಂಗಾ ತಂದಿದ್ದರು, ಅದರ ಮೇಲೆ ನೀನು ಹೊಲಿದು ನೋಡಿದ ಬಟ್ಟೆಯ ತುಂಡು. “ಅತ್ತಿ, ದೀಪಾವಳಿ ಬ್ಲೌಸೆಲ್ಲಾ ಅರ್ಧಕ್ಕ ನಿಂತಾವ್ರಿ. ಗಿರಾಕಿ ಬಂದು ಬಂದು ಹೊಳ್ಳಿ ಹೊಂಟಾರ, ಆಕಿ ಕುಂತಲ್ಲೆ ಅಳಾಕತ್ತಾಳ. ನೀವ ಒಂದ ದಿನ ಬಂದು ನೋಡಿದ್ರ ಮಷೀನ ದಾರೀಗಿ ಬರತೈತಿ” ಅಂದರು. ಹುಕ್ಕೇರಿಯಿಂದ ಕರೆಸಿದ ಮೆಕ್ಯಾನಿಕ್ ಒಂದು ಗಳಿಗೆ ನೋಡಿ, “ಅಜ್ಜನ ಕಾಲದ್ದೈತಿ, ಗುಜರಿಗಿ ಹಾಕ್ರಿ” ಅಂದನಂತೆ. ದೀಪಾವಳಿಯೊಳಗೆ ಸರಿಯಾಗದಿದ್ದರೆ ಕೊಟ್ಟುಬಿಡೋಣ ಎಂದು ನೀನೂ ಅಂದೆಯಂತೆ. ಅದನ್ನು ಹೇಳುವಾಗ ಅಳಿಯಂದಿರು ನೆಲ ನೋಡುತ್ತಿದ್ದರು. ಪಾಪ, ಅವರಿಗೆ ನಾಚಿಕೆ ಇದೆ.

“ನಾ ಬರೂದಿಲ್ರಿ, ಬರದು ಕಳಸ್ತೇನಿ” ಎಂದೆ. ಚಹಾ ಕುಡಿದು ಬಟ್ಟಲು ಕೆಳಗಿಡುತ್ತ ಅವರು ಮೆಲ್ಲಗೆ ಕೇಳಿದರು: “ಮಾರ್ನಮಿ ಖಂಡೇಪೂಜಿ ದಿನ ಊಟಾನೂ ಮಾಡಲಾರದ ಹೊಂಟು ಬಂದ್ರಿ. ನಮ್ಮವ್ವ ಏನರ ಅಂದಳೇನ್ರಿ?” ಇಲ್ಲ ಎಂದೆ. ಅವರು ನಂಬಲಿಲ್ಲ. ಇನ್ನೊಂದು ಸಲ ಕೇಳಲೂ ಇಲ್ಲ. ಬೈಕು ಹತ್ತಿ ನಿಮ್ಮ ಘೋಡಗೇರಿಗೆ ಹೋದರು.

ಗುಜರಿ ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ನನಗೆ ಅನ್ನ ರುಚಿಸಿಲ್ಲ. ಗೋಕಾಕದ ಆ ಯೂನಿಫಾರ್ಮ್ ಕಾರ್ಖಾನೆಯಲ್ಲಿ ನಾನು ಕೂತು ದುಡಿದ ಮಷೀನು ಅದು. ಕಾರ್ಖಾನೆ ಮುಚ್ಚಿ ಮಷೀನುಗಳನ್ನೆಲ್ಲ ಮಾರುವಾಗ, ಸಾಲಿನಲ್ಲಿ ಹೊಸವು ಇದ್ದರೂ ಇದನ್ನೇ ಆರಿಸಿ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದೆ. ನಿಮ್ಮಪ್ಪ ಸೋಮಪ್ಪ ಆಗಲೇ ತೀರಿಕೊಂಡಿದ್ದರು, ನೀನು ಹಲ್ಲು ಬೀಳುವ ವಯಸ್ಸಿನವಳು. ನಿನ್ನ ಸಾಲಿ, ನಿನ್ನ ಕಾಲೇಜು, ನಿನ್ನ ಮದುವೆ ಎಲ್ಲ ಅದರ ಸೂಜಿಯ ಕೆಳಗಿಂದಲೇ ಹಾದುಹೋದವು. ಬಂಗಾರ ಹಾಕಲಾಗಲಿಲ್ಲ ಎಂದು ಮಷೀನನ್ನೇ ನಿನ್ನ ಜೊತೆ ಕಳಿಸಿದೆ. ಈಗ ನಾನು ದರ್ಜಿ ಸಿದ್ರಾಯನ ಅಂಗಡಿಯ ಮೂಲೆಯಲ್ಲಿ ಕೂತು ಮಂದಿಯ ಸೀರೆಗೆ ಫಾಲು ಹಚ್ಚುತ್ತೇನೆ, ಬ್ಲೌಸಿಗೆ ಹುಕ್ಕು ಹಾಕುತ್ತೇನೆ. ಅವನು ಒಳ್ಳೆಯವನೇ, ಆದರೆ ಅವನ ಮಷೀನು ಮುಟ್ಟಗೊಡುವುದಿಲ್ಲ. ನನಗೆ ಯಾವ ಮಷೀನೂ ಮುಟ್ಟುವ ಯೋಗವಿಲ್ಲ ಅನ್ನಿಸುತ್ತದೆ.

ಇರಲಿ, ನಿನ್ನ ಬಟ್ಟೆಯ ಮಾತಿಗೆ ಬರುತ್ತೇನೆ. ಮೇಲ್ಮಗ್ಗುಲು ಚೊಕ್ಕ ಇದೆ, ನೋಡಿದವರು ಭೇಷ್ ಅನ್ನಬೇಕು. ತಿರುವಿ ಹಾಕಿದರೆ ದಾರವೆಲ್ಲ ಸುರುಳಿ ಸುರುಳಿಯಾಗಿ ಜೋತುಬಿದ್ದಿದೆ. ಕೆಳಗೆ ಸುರುಳಿ ಕಂಡಿತೆಂದು ನೀನು ಕೆಳಗಿನ ಬಾಬಿನ್ ಕೇಸಿನ ಸ್ಕ್ರೂ ಬಿಗಿ ಮಾಡಿದ್ದೀ. ಆಮೇಲೆ ಇನ್ನೂ ಬಿಗಿ ಮಾಡಿದ್ದೀ. ಬಟ್ಟೆ ನೋಡಿದರೇ ತಿಳಿಯುತ್ತದೆ, ಮೊದಲ ಸಾಲಿಗಿಂತ ಕಡೆಯ ಸಾಲು ಹೊಲಸಾಗಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಎಷ್ಟು ಸಲ ಹೇಳಿದ್ದೆ ನಿನಗೆ? ಕೆಳಗೆ ಕಾಣುವ ತಪ್ಪು ಮೇಲಿನದು, ಮೇಲೆ ಕಾಣುವ ತಪ್ಪು ಕೆಳಗಿನದು. ಮೇಲಿನ ದಾರವನ್ನು ಯಾರೂ ಹಿಡಿಯುತ್ತಿಲ್ಲ, ಅದಕ್ಕೇ ಅದು ಕೆಳಗೆ ಹೋಗಿ ಜೋತುಬಿದ್ದಿದೆ.

ಯಾಕೆ ಹಿಡಿಯುತ್ತಿಲ್ಲ ಎಂದು ತಿಳಿಯಲು ನನಗೆ ಘೋಡಗೇರಿಗೆ ಬರಬೇಕಾಗಲಿಲ್ಲ. ತುಂಡನ್ನು ಬಾಗಿಲ ಬೆಳಕಿಗೆ ಹಿಡಿದೆ. ಬಿಳಿ ದಾರ ಹಾಕಿದ್ದೀ. ಆ ದಾರಕ್ಕೆ ಅಲ್ಲಲ್ಲಿ ಕೆಂಪು ಹತ್ತಿದೆ. ಬೆರಳಿಗೆ ಉಜ್ಜಿದೆ, ಎಣ್ಣೆ ಕುಡಿದ ಕುಂಕುಮ. ಖಂಡೇಪೂಜೆಯಲ್ಲಿ ಮಷೀನಿಗೆ ಹಚ್ಚಿದ ಕುಂಕುಮ, ಮೇಲಿನ ದಾರ ಹಿಡಿಯುವ ಟೆನ್ಷನ್ನಿನ ಎರಡು ಬಿಲ್ಲೆಗಳ ನಡುವೆ ಇಳಿದು, ಎಣ್ಣೆಯ ಜೊತೆ ಕೂಡಿ ಕೆಸರಾಗಿ ಕೂತಿದೆ. ಬಿಲ್ಲೆಗಳು ಒಂದಕ್ಕೊಂದು ಕೂಡುತ್ತಿಲ್ಲ. ನಡುವೆ ಹಾದುಹೋಗುವ ದಾರ ಹೇಳುವವರು ಕೇಳುವವರು ಇಲ್ಲದೆ ಸಡಿಲಾಗಿ ಓಡುತ್ತಿದೆ. ಮೆಕ್ಯಾನಿಕ್ಕಿಗೆ ಮುಂದಿನ ಗುಂಡಿ ತಿರುವಿ ನೋಡುವಷ್ಟು ತಾಳ್ಮೆ ಇತ್ತು, ಬಿಚ್ಚಿ ನೋಡುವಷ್ಟು ಇರಲಿಲ್ಲ. ಇಷ್ಟಕ್ಕೇ ನೀವು ಅದನ್ನು ಗುಜರಿಗೆ ಹಾಕಲು ಹೊರಟಿರಿ.

ನಾನು ಪ್ರತಿ ವರ್ಷ ಪೂಜೆಗೆ ಮುಂಚೆ ಏನು ಮಾಡುತ್ತಿದ್ದೆ, ನೆನಪಿದೆಯೇನು? ದಾರ ತೆಗೆದು, ಬಟ್ಟೆಯ ಚೂರೊಂದನ್ನು ಟೆನ್ಷನ್ನಿಗೆ ಸುತ್ತಿ ಗಂಟು ಹಾಕುತ್ತಿದ್ದೆ. “ಅವ್ವಾ, ಅದರ ಕಣ್ಣ ಯಾಕ ಕಟ್ಟತಿ?” ಎಂದು ನೀನು ನಗುತ್ತಿದ್ದೆ. ಆಮೇಲೆ ಮಷೀನಿನ ತೋಳಿಗೆ ವಿಭೂತಿ, ಟೇಬಲ್ಲಿನ ಕಾಲಿಗೆ ಕುಂಕುಮ, ಮುಂದೆ ಎರಡು ಜೋಳದ ದಂಟು. ಅಷ್ಟಕ್ಕೇ ಅದಕ್ಕೆ ತೃಪ್ತಿಯಾಗುತ್ತಿತ್ತು. ಈ ಸಲ ಆ ಚೂರು ಕಟ್ಟಲಿಲ್ಲ. ಕುಂಕುಮ ಬಳಿದ ಕೈ ಯಾವುದು ಎಂದು ನಾನು ಇಲ್ಲಿ ಬರೆಯುವುದಿಲ್ಲ.

ಈಗ ಹೇಳಿದಂತೆ ಮಾಡು, ಅವಸರ ಬೇಡ. ಮೊದಲು ಮೇನ್ ಸ್ವಿಚ್ಚು ಬಂದ್ ಮಾಡು. ಟೆನ್ಷನ್ನಿನ ಮುಂದಿನ ಗುಂಡಿ ಬಿಚ್ಚಿದರೆ ಸ್ಪ್ರಿಂಗು, ಅದರ ಹಿಂದೆ ಬಿಲ್ಲೆಗಳು ಬರುತ್ತವೆ. ಬಂದ ಹಾಗೇ ಬಿಳಿ ಟವೆಲ್ಲಿನ ಮೇಲೆ ಸಾಲಾಗಿ ಇಡು, ಕೂಡಿಸುವಾಗ ತಲೆ ಕೆಡುವುದಿಲ್ಲ. ಸೀಮೆಎಣ್ಣೆ ಸಿಗದಿದ್ದರೆ ಅಳಿಯಂದಿರ ಬೈಕಿನಿಂದ ಚೂರು ಪೆಟ್ರೋಲು ತೆಗೆದುಕೋ, ಒಲೆಯ ಹತ್ತಿರ ಮಾತ್ರ ಕೂಡಬೇಡ. ಹತ್ತಿಬಟ್ಟೆ ಅದ್ದಿ ಬಿಲ್ಲೆಗಳ ಒಳಮೈ ಒರೆಸು. ಚಾಕು, ಸೂಜಿ ಹಚ್ಚಿ ಕೆರೆಯಬೇಡ. ಗೀರು ಬಿದ್ದ ಬಿಲ್ಲೆ ಜನ್ಮವಿಡೀ ದಾರ ಹರಿಯುತ್ತದೆ. ಹಿಂದೆ ಒಂದು ಸಣ್ಣ ಕಡ್ಡಿ ಇದೆ, ಬಟ್ಟೆ ಒತ್ತುವ ಪಾದ ಎತ್ತಿದಾಗ ಅದು ಬಿಲ್ಲೆಗಳನ್ನು ಅಗಲ ಮಾಡುತ್ತದೆ. ಅದಕ್ಕೂ ಕುಂಕುಮ ಹತ್ತಿ ಸಿಕ್ಕಿಕೊಂಡಿರಬೇಕು, ಅದನ್ನೂ ಒರೆಸು.

ಕೂಡಿಸಿದ ಮೇಲೆ ಪಾದ ಎತ್ತಿಯೇ ದಾರ ಹಾಕು. ಇಳಿಸಿ ಹಾಕಿದರೆ ದಾರ ಬಿಲ್ಲೆಗಳ ನಡುವೆ ಹೋಗುವುದಿಲ್ಲ, ಮೇಲೆಯೇ ಕೂರುತ್ತದೆ. ಆಮೇಲೆ ಪಾದ ಇಳಿಸಿ ದಾರ ಜಗ್ಗು, ಬಿಗಿಯಾಗಬೇಕು. ಎತ್ತಿ ಜಗ್ಗು, ಸಡಿಲಾಗಬೇಕು. ನೀನು ಬಿಗಿ ಮಾಡಿದ ಬಾಬಿನ್ ಕೇಸನ್ನೂ ಸರಿ ಮಾಡಬೇಕಲ್ಲ. ಅದರ ದಾರ ಹಿಡಿದು ಗಾಳಿಯಲ್ಲಿ ತೂಗಬಿಡು. ಅಲ್ಲಾಡದೆ ನಿಂತರೆ ಬಿಗಿ ಹೆಚ್ಚು, ತಾನೇ ಸರಸರ ಇಳಿದರೆ ಕಡಿಮೆ. ಕೈ ಕೊಂಚ ಜಗ್ಗಿದಾಗ ತುಸು ಇಳಿದು ನಿಲ್ಲಬೇಕು. ಹೊಸ ಸೂಜಿ ಹಾಕು, ಉದ್ದನೆಯ ಗೀರು ಎಡಕ್ಕೆ ಬರಲಿ. ಮೊದಲು ಹಾಳು ಬಟ್ಟೆಯ ಮೇಲೆ ಓಡಿಸು, ಉಳಿದ ಕೆಂಪು ಅದಕ್ಕೆ ಹತ್ತಲಿ. ಅದು ಬಿಟ್ಟ ಮೇಲೆ ಗಿರಾಕಿಯ ಬ್ಲೌಸು ಹಿಡಿ.

ಇಷ್ಟು ಮಾಡಿದರೆ ಸರಿಯಾಗುತ್ತದೆ. ಆ ಮಷೀನು ನನಗೆ ಎಂದೂ ಮೋಸ ಮಾಡಿಲ್ಲ. ನಂಬಿದವರೆಲ್ಲರ ಬಗ್ಗೆ ಹಾಗೆ ಹೇಳಲು ಬರುವುದಿಲ್ಲ.

ಇಲ್ಲಿಯ ಸುದ್ದಿ ಹೆಚ್ಚೇನಿಲ್ಲ. ಬಾಜೂ ಮನೆಯ ಪದ್ಮಶ್ರೀಗೆ ಹೆಣ್ಣು ಹುಟ್ಟಿದೆ. ಮೊನ್ನೆ ಬಂದು, “ಕಾಶೆವ್ವಾ ಕಾಕೂ, ಕೂಸಿನ ಕುಂಚಿಗಿ ನೀವ ಹೊಲಿದ ಕೊಡ್ರಿ, ನಿಮ್ಮ ಕೈಗುಣಾ ಛಲೋ ಐತಿ” ಅಂದಳು. ಮಷೀನಿಲ್ಲ ಎಂದೆ. “ಕೈಲೇ ಹೊಲೀರಿ” ಅಂದಳು. ಹೊಲಿದೆ. ಅದನ್ನು ಕೂಸಿನ ತಲೆಗೆ ಹಾಕುವಾಗಲೂ ನನ್ನನ್ನೇ ಮುಂದೆ ಕರೆದಳು. ನಾನು ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ, ಒಗ್ಗರಣೆಯ ಹೊಗೆ ಎಂದು ಹೇಳಿದೆ.

ದೀಪಾವಳಿಗೆ ಅಳಿಯಂದಿರೊಂದಿಗೆ ಬರುವುದು ಬಿಡುವುದು ನಿನಗೆ ಸೇರಿದ್ದು. ಬಂದರೆ ಹೋಳಿಗೆ ಮಾಡುತ್ತೇನೆ, ಬಾಗಿಲು ಹಾಕಿಕೊಳ್ಳುವವಳಲ್ಲ ನಾನು. ನಿಮ್ಮ ಅತ್ತೆಯವರಿಗೆ ನನ್ನ ಶರಣು ತಿಳಿಸು, ಮರೆಯಬೇಡ. ಈ ಕಾಗದವನ್ನು ಹುಕ್ಕೇರಿ ಕಡೆ ಹೊರಟಿರುವ ನಮ್ಮ ಓಣಿಯ ಕೇದಾರಿಯ ಕೈಯಲ್ಲಿ ಕೊಡುತ್ತಿದ್ದೇನೆ. ನೂರು ವರ್ಷ ನಿನ್ನ ಕುಂಕುಮ ಅಳಿಯದಿರಲಿ. ಆ ದೇವರು ನಿನಗೆ ನನ್ನ ಪಾಳಿ ತರದಿರಲಿ.

ನಿನ್ನ ಅವ್ವ,
ಕಾಶೆವ್ವ

ತಾ. ಕ.: ಮಡಚಿದ್ದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ, ಇದನ್ನು ಬರೆಯದೆ ಕಳಿಸಲಾರೆ. ನಮ್ಮವ್ವ ಏನರ ಅಂದಳೇನು ಎಂದು ಅಳಿಯಂದಿರು ಕೇಳಿದಾಗ ಇಲ್ಲ ಎಂದೆನಲ್ಲ, ಅದು ಖರೆ. ಪೂಜೆಯ ದಿನ ಕುಂಕುಮದ ತಟ್ಟೆ ಹಿಡಿದು ನಿಮ್ಮ ಅತ್ತೆಯೇ ನನ್ನ ಹತ್ತಿರ ಬಂದರು. “ಬರ್ರಿ ಬೀಗತಿ, ಮಷೀನ ನಿಮ್ಮ ಕೈಯಾಗ ದುಡದೈತಿ, ಮೊದಲ ನೀವ ಹಚ್ರಿ” ಅಂದರು. ವಿಭೂತಿ ಧರಿಸಿದ ಹಣೆಗೆ ಭೇದವಿಲ್ಲ ಎಂಬ ನಮ್ಮ ಹಿರಿಯರ ಮಾತು ಆ ಮನೆಯಲ್ಲಿ ಇನ್ನೂ ನಡೆಯುತ್ತದೆ ಎಂದು ನನ್ನ ಎದೆ ತುಂಬಿತ್ತು. ಟೆನ್ಷನ್ನಿಗೆ ಚೂರು ಕಟ್ಟಲು ಕೈ ಮುಂದೆ ಮಾಡಿದೆ. ಅಷ್ಟರಲ್ಲಿ ನೀನು ನಡುವೆ ಬಂದು ನನ್ನ ಮುಂಗೈ ಹಿಡಿದೆ. “ಅವ್ವಾ, ನೀ ಮುಟ್ಟಬ್ಯಾಡ. ಹಬ್ಬದ ದಿನ ಐತಿ, ಮುತ್ತೈದೇರು ಹಚ್ಚಲಿ. ನೀ ಹೊರಗ ಕಟ್ಟೀಮ್ಯಾಗ ಕುಂಡರ ಹೋಗು” ಅಂದೆ. ಓಣಿಯ ಹೆಂಗಸರೆಲ್ಲ ಕೇಳಿದರು. ನಿಮ್ಮ ಅತ್ತೆಯ ಮುಖ ಸಣ್ಣದಾಯಿತು. ನೀನು ಅವರ ಕೈಯಿಂದ ತಟ್ಟೆ ಕಸಿದುಕೊಂಡು ಗಡಿಬಿಡಿಯಲ್ಲಿ ಮಷೀನಿನ ಮುಖಕ್ಕೆಲ್ಲ ಬಳಿದೆ.

ಪೂಜೆಗೆ ಬೇಡವಾದ ಕೈ ರಿಪೇರಿಗೆ ಬರುವುದಿಲ್ಲ, ನೇತ್ರಾ. ಬಟ್ಟೆಯ ಚೂರು ಅಂದು ನನ್ನ ಮುಷ್ಟಿಯಲ್ಲೇ ಉಳಿದು ಬಸ್ಸಿನಲ್ಲಿ ಮೂಡಲಗಿಯವರೆಗೆ ಬಂತು. ಅದನ್ನು ಈ ಕಾಗದದೊಳಗೆ ಇಟ್ಟಿದ್ದೇನೆ. ಬರುವ ವರ್ಷ ಪೂಜೆಗೆ ಮುಂಚೆ ನೆನಪಿನಿಂದ ನೀನೇ ಕಟ್ಟು. ಆ ಗಂಟಿಗೆ ಮುತ್ತೈದೆಯ ಕೈಯೂ ನಡೆಯುತ್ತದೆ.