ಕೋರ್ಟಿನಲ್ಲಿ ಹೇಳಿದ ಹೆಸರು

ಜಯನಗರ, ಗುರುವಾರ, 1962

ಲಿಂಗೈಕ್ಯರಾದ ನಮ್ಮ ಯಜಮಾನರಿಗೆ,

ಈ ದಿನ ಕೋರ್ಟಿನಲ್ಲಿ ನಿಮ್ಮ ಮೇಲಿದ್ದ ದಿವಾಳಿ ಆರ್ಡರು ರದ್ದಾಯಿತು. ಜವಳಿ ಅಂಗಡಿ ಮುಳುಗಿದಾಗ ಬಂದ ಆ ಪಟ್ಟ ನೀವು ತೀರಿಕೊಂಡ ಮೇಲೂ ಹೋಗಿರಲಿಲ್ಲ. ಮನೆಯ ಮುಂಭಾಗವನ್ನು ಬಾಡಿಗೆಗೆ ಕೊಟ್ಟು, ಸಾಲ ಕೊಟ್ಟವರೆಲ್ಲರಿಗೂ ತೀರಿಸಿದೆ. ಯಾರೆದುರೂ ಕೈಚಾಚಲಿಲ್ಲ.

ಗುಮಾಸ್ತ ಕೇಳಿದ, "ಯಜಮಾನ್ರ ಹೆಸರು ಹೇಳಿ ಅಮ್ಮ."

ಮದುವೆಯಾದಂದಿನಿಂದ ಆ ಹೆಸರನ್ನು ನಾನು ನಾಲಿಗೆಯ ಮೇಲೆ ತಂದವಳಲ್ಲ. ನಮ್ಮ ವಕೀಲ ರಾಮಯ್ಯ ಎದ್ದು, "ಹಳೇ ಕಾಲದೋರು ಸ್ವಾಮಿ, ಗಂಡನ ಹೆಸ್ರು ಹೇಳಲ್ಲ. ನಾನೇ ಹೇಳ್ತೀನಿ" ಎಂದರು.

"ನೀವು ಕೂತ್ಕೊಳ್ಳಿ ವಕೀಲ್ರೇ" ಎಂದೆ. "ದಿವಾಳಿ ಆದಾಗ ಇದೇ ಬಾಗಿಲಲ್ಲಿ ಜವಾನ ಆ ಹೆಸ್ರು ಕೂಗಿದ್ದ, ಊರೆಲ್ಲ ಕೇಳಿಸ್ಕೊಂಡ್ರು. ಇವತ್ತು ನಾನು ಹೇಳ್ತೀನಿ."

ಹೊರಗೆ ನಿಂತವರಿಗೂ ಕೇಳುವಂತೆ ಹೇಳಿದೆ: ಗುರುಶಾಂತಪ್ಪನವರು. ನ್ಯಾಯಾಧೀಶರು ಒಮ್ಮೆ ತಲೆಯೆತ್ತಿ ನೋಡಿ ಸಹಿ ಹಾಕಿದರು.

ಮನೆಗೆ ಬಂದು ಬೀಗ ತೆಗೆದು, ಹೊಸಿಲಲ್ಲೇ ನಿಂತು ಇನ್ನೊಮ್ಮೆ ಹೇಳಿದೆ. ಕೊನೆಯ ವರ್ಷಗಳಲ್ಲಿ ಬಂದವರಿಗೆ ಮುಖ ತೋರಿಸದೆ ನೀವು ಹಿತ್ತಿಲಲ್ಲಿ ಹೋಗಿ ಕೂರುತ್ತಿದ್ದಿರಲ್ಲ, ಅಲ್ಲಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ. ಓಗೊಡುವಿರೆಂದು ನಾನೇನೂ ಕಾಯಲಿಲ್ಲ. ಸೆರಗು ಸಿಕ್ಕಿಸಿ ಒಲೆ ಹಚ್ಚಿದೆ.

ಹಿತ್ತಿಲ ಬಾಗಿಲು ಮಾತ್ರ ಇನ್ನೂ ಹಾಕಿಲ್ಲ.

ಗುರುಶಾಂತಪ್ಪನವರ ಹೆಂಡತಿ,
ಬಸವಲಿಂಗಮ್ಮ